ಅಯ್ಯನವರ ಒಪ್ಪುಗುಂಡಿ

ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಹದಿಮೂರನೆಯ ತಿಂಗಳು, ಆರನೆಯ ತಾರೀಖು
ನೀರುಮನೆ, ಕಲ್ಲುಮಡು

ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾದ ದಾಕ್ಷಾಯಣಿ ಅವರಿಗೆ, ನಿಮ್ಮ ಏಳನೆಯ ತಲೆಮಾರಿನ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ತಮಾಷೆಗೆ ಬರೆದಿದ್ದಾರೆ ಎಂದು ಈ ಪತ್ರವನ್ನು ಮಡಚಿ ಇಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ಮಿಕ್ಕುವ ಒಂದು ದಿನಕ್ಕೆ ಬಿಡುದಿನ ಎನ್ನುತ್ತೇವೆ. ಅಂದು ಯಾರೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನನ್ನ ಮಾತಿನ ವಿಚಿತ್ರಕ್ಕೂ ಕ್ಷಮೆಯಿರಲಿ. ನಾವು ಈಗ ಆಡುವ ಕನ್ನಡದಲ್ಲಿ ಬರೆದರೆ ನಿಮಗೆ ಅರ್ಧ ಅರ್ಥವಾಗಲಿಕ್ಕಿಲ್ಲ. ಆದ್ದರಿಂದ ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಕಲಿತದ್ದು ನಿಮ್ಮ ಕಚೇರಿಯ ಹಳೆಯ ಕಡತಗಳಿಂದ. ಹಾಗಾಗಿ ನಡುವೆ ಎಲ್ಲಾದರೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬಂದುಬಿಟ್ಟರೆ ನಕ್ಕು ಮುಂದೆ ಓದಿ. ಇನ್ನೊಂದು ಮುಜುಗರವೂ ಇದೆ. ಈ ಪತ್ರ ಸೇರುವ ಹೊತ್ತಿಗೆ ನಿಮಗೆ ಮೂವತ್ತೆರಡು. ನನಗೆ ಈಗ ನಲವತ್ತೊಂಬತ್ತು. ನನಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆದು, ಅವರಿಗೇ ಬುದ್ಧಿ ಹೇಳಬೇಕಾಗಿ ಬಂದಿದೆ. ಪತ್ರ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ.

ನಾನು ಹದಿನಾರು ಊರುಗಳಿಗೆ ಕುಡಿಯುವ ನೀರು ಕೊಡುವ ನೀರುಮನೆಯ ಗುರುತುಪಾಲಕಿ. ಯಾರು ಯಾವ ಬಾಗಿಲು ತೆರೆಯಬಹುದು, ಯಾರು ಯಾವ ಯಂತ್ರಕ್ಕೆ ಕೈ ಹಚ್ಚಬಹುದು, ಯಾರ ಹೆಸರು ಪಟ್ಟಿಯಲ್ಲಿ ಇರಬೇಕು, ಯಾರದು ಹೋಗಬೇಕು ಎಂದು ನೋಡುವುದು ನನ್ನ ಕೆಲಸ. ಇದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ನಮ್ಮ ನೀರಿನ ಪಾಡು ಗೊತ್ತಿರಬೇಕು. ಹೊಳೆ ಈಗ ವರ್ಷದಲ್ಲಿ ಐದು ತಿಂಗಳು ಹರಿಯುತ್ತದೆ. ಹರಿದಾಗಲೂ ಹಸಿರು ಪಾಚಿ ಕಟ್ಟಿರುತ್ತದೆ. ಆ ನೀರಿಗೆ ಗಂಟೆಗಂಟೆಗೂ ಅಳತೆ ಮಾಡಿ ಮದ್ದು ಹಾಕಬೇಕು. ಒಂದು ದಿನ ಮದ್ದು ತಪ್ಪಿದರೆ ಮರುದಿನ ಊರು ಮಲಗುತ್ತದೆ. ಬಿಸಿಲು ಏರುವ ಮೊದಲೇ ಸಂತೆ ಮುಗಿದು, ಒಂಬತ್ತರ ಹೊತ್ತಿಗೆ ಜನ ಚಾವಣಿ ಹಾಕಿದ ಬೀದಿಗಳೊಳಗೆ ಸೇರಿಕೊಳ್ಳುತ್ತಾರೆ. ಹೆಂಗಸರು ಈಗಲೂ ತಾಮ್ರದ ಕೊಡವನ್ನೇ ಬಳಸುತ್ತಾರೆ, ಜೋಳದ ರೊಟ್ಟಿಯನ್ನೇ ಬಡಿಯುತ್ತಾರೆ. ಆದರೆ ನಲ್ಲಿ ತಿರುಗಿಸುವ ಮೊದಲು ಕೊರಳಿನ ಗುರುತುಗಲ್ಲನ್ನು ಅಂಗೈಯಲ್ಲಿ ಹಿಡಿದು ತೋರಿಸಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ನೀರು, ಇಲ್ಲದಿದ್ದರೆ ಇಲ್ಲ.

ಗುರುತುಗಲ್ಲು ಎಂದರೆ ಹೆಬ್ಬೆರಳಿನಷ್ಟು ಕರಿಯ ಬಿಲ್ಲೆ. ಅದು ತನ್ನ ಒಡೆಯನ ಅಂಗೈಯನ್ನು ಮಾತ್ರ ಬಲ್ಲದು, ಎದುರಿನ ಬಾಗಿಲು ಅಸಲಿಯೋ ನಕಲಿಯೋ ಎಂಬುದನ್ನೂ ಬಲ್ಲದು. ನಿಮ್ಮ ಕಾಲದ ಪಾಸ್‌ವರ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದರಲ್ಲಿ ಇನ್ನೊಬ್ಬರಿಗೆ ಹೇಳಲು ಏನೂ ಇಲ್ಲ. ಯಾರೋ ಫೋನಿನಲ್ಲಿ ನಯವಾಗಿ ಕೇಳಿದರು, ಮೇಲಿನವರು ಎಂದು ಹೆದರಿಸಿದರು, ನಾನು ಹೇಳಿಬಿಟ್ಟೆ ಎಂಬ ಮಾತೇ ಇಲ್ಲಿ ಹುಟ್ಟುವುದಿಲ್ಲ. ನಿಮ್ಮ ಕಡತಗಳನ್ನು ಓದುವಾಗ ನನಗೆ ನಗುವೂ ಬಂತು, ಅಳುವೂ ಬಂತು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಸುತ್ತೋಲೆಯ ಮೇಲೆ ಸುತ್ತೋಲೆ. ಬದಲಿಸಿ ಬದಲಿಸಿ ಬೇಸತ್ತ ಜನ ಅದೇ ಪದದ ಕೊನೆಗೆ ಒಂದು, ಎರಡು, ಮೂರು ಎಂದು ಹಚ್ಚುತ್ತ ಹೋಗಿದ್ದಾರೆ. ಮರೆಯದಿರಲಿ ಎಂದು ಚೀಟಿ ಬರೆದು ಕೀಲಿಮಣೆಯ ಅಡಿಗೆ ಅಂಟಿಸಿದ್ದಾರೆ. ಅದರ ಬದಲು ಉದ್ದನೆಯದೊಂದನ್ನು ಇಟ್ಟುಕೊಂಡು, ಕಳುವಾಯಿತು ಎಂದು ತಿಳಿದಾಗ ಮಾತ್ರ ಬದಲಿಸಿ ಎಂದಿದ್ದರೆ ಸಾಕಿತ್ತು.

ಇಷ್ಟೆಲ್ಲ ಬಲ್ಲವಳು ನಾನು. ನಮ್ಮ ನೀರುಮನೆಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ಅದೇ ತಾಸಿನಲ್ಲಿ ಅವರ ಹೆಸರು ಮುಚ್ಚುತ್ತೇನೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದರೆ ಹಳೆಯ ಬಾಗಿಲುಗಳನ್ನು ಅವರಿಂದ ಕಿತ್ತುಕೊಳ್ಳುತ್ತೇನೆ. ನನ್ನ ತಾಯಿ ಇಲ್ಲಿಯೇ ಮದ್ದಿನ ಮನೆಯಲ್ಲಿ ಕೆಲಸಕ್ಕಿದ್ದಳು. ಆಕೆ ತೀರಿಕೊಂಡ ಬೆಳಿಗ್ಗೆ, ಮಣ್ಣಿಗೆ ಹೋಗುವುದಕ್ಕೆ ಮೊದಲು ಇಲ್ಲಿಗೆ ಬಂದು ಆಕೆಯ ಹೆಸರನ್ನು ನಾನೇ ಮುಚ್ಚಿದೆ. ಜನ ನನ್ನನ್ನು ಕಲ್ಲೆದೆಯವಳು ಎಂದರು. ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು, ಆ ಬಗ್ಗೆ ಈಗ ನಾಚಿಕೆಯಿದೆ. ಯಾಕೆಂದರೆ ತಾಯಿಯ ಹೆಸರನ್ನು ಮುಚ್ಚಿದ ಅದೇ ಕೈಯಿಂದ, ಅದೇ ವಾರ, ನೂರ ಎಂಬತ್ತು ವರ್ಷದ ಹಿಂದೆ ಸತ್ತವರೊಬ್ಬರ ಹೆಸರಿಗೆ ಹೂಮಾಲೆ ಹಾಕಿದ್ದೆ.

ಅವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನೀವು ದಿನಾ ಬೆಳಿಗ್ಗೆ ನಮಸ್ಕಾರ ಸರ್ ಎನ್ನುವ ಇಂಜಿನಿಯರ್ ವೀರಭದ್ರಯ್ಯನವರು. ಈ ಹದಿನಾರು ಊರಿಗೆ ಮೊದಲ ಕೊಳವೆ ಹಾಕಿಸಿದವರು. ನಮಗೆ ಅವರು ಬರೀ ಅಯ್ಯನವರು. ಊಟದ ಪಡಸಾಲೆಯ ಗೋಡೆಯಲ್ಲಿ ಅವರ ಫೋಟೋ ಇದೆ. ಅದರ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಹಳದಿಯಾದ ಕಾಗದ: 'ಸಾಹೇಬರು ತೀರಿಹೋಗಿದ್ದಾರೆ. ಅವರ ಖಾತೆ ತೆಗೆಯುವುದು ಬೇಡ. ಹೆಸರಾದರೂ ನಮ್ಮ ನಡುವೆ ಇರಲಿ. ದಾಕ್ಷಾಯಣಿ, ಗಣಕ ವಿಭಾಗ.' ಹೌದು ಅಜ್ಜಿ, ಅದು ನಿಮ್ಮ ಕೈಬರಹ. ನೀವಿನ್ನೂ ಅದನ್ನು ಬರೆದಿಲ್ಲ. ಆ ಖಾತೆಯೊಳಗೆ ಬರಲು ಪಾಸ್‌ವರ್ಡಿನ ಜೊತೆ ಒಪ್ಪಿಗೆ ಕೇಳುವ ಸಂದೇಶವೂ ಅವರ ಫೋನಿಗೆ ಹೋಗುತ್ತಿತ್ತಂತೆ. ಆ ಫೋನನ್ನು ಚಾರ್ಜಿಗೆ ಹಾಕಿ ಫೋಟೋದ ಮುಂದೆ ಇಟ್ಟವರೂ ನೀವೇ. ಪ್ರೀತಿಯಿಂದ ಇಟ್ಟಿರಿ ಎಂದು ನನಗೆ ಗೊತ್ತು. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟೆ, ಆಗಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಯಂತ್ರಗಳು ಒಂಬತ್ತು ಸಲ ಬದಲಾದವು. ಪ್ರತಿ ಸಲವೂ ಅಯ್ಯನವರ ಹೆಸರನ್ನು ಹಳೆಯದರಿಂದ ಹೊಸದಕ್ಕೆ ಮೊಟ್ಟಮೊದಲು ಹೊತ್ತು ತಂದರು. ಉಳಿದವರೆಲ್ಲ ಗುರುತುಗಲ್ಲಿಗೆ ಬಂದಾಗ ಅವರದೊಂದು ಬರಲಿಲ್ಲ, ಸತ್ತವರಿಗೆ ಅಂಗೈ ಎಲ್ಲಿಂದ ತರುವುದು? ಹಾಗಾಗಿ ಅವರಿಗೆ ಹಳೆಯ ಪಾಸ್‌ವರ್ಡೇ ಉಳಿಯಿತು. ನೀವಿಟ್ಟ ಫೋನಿನ ಜಾಗದಲ್ಲಿ ಒಂದು ಬಿಳಿಯ ಗುಂಡಿ ಬಂತು, ಅದಕ್ಕೆ ಒಪ್ಪುಗುಂಡಿ ಎನ್ನುತ್ತೇವೆ. ಯಾರಾದರೂ ಅಯ್ಯನವರ ಹೆಸರಿನಿಂದ ಒಳಗೆ ಬರಲು ಹೊರಟರೆ ಅದು ಮಿನುಗುತ್ತದೆ, ಒತ್ತಿದರೆ ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆ ನೀರುಮನೆ ಶುರುವಾದ ದಿನ, ಹಿರಿಯ ನೌಕರ ಅಯ್ಯನವರ ಹೆಸರು ಹೇಳಿ ಮೊದಲ ತೂಬು ತೆರೆಯುತ್ತಾನೆ. ಆ ವರ್ಷ ನಮ್ಮ ಮನೆಗಳಿಗೆ ಮದುವೆಯಾಗಿ ಬಂದ ಸೊಸೆಯಂದಿರಲ್ಲಿ ಒಬ್ಬಳು ಗುಂಡಿ ಒತ್ತಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ನಾನೂ ಒಂದು ವರ್ಷ ಒತ್ತಿದ್ದೆ. ಮೈ ಜುಮ್ಮೆಂದಿತ್ತು.

ಪೂಜೆ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗುರುತುಗಲ್ಲನ್ನು ಮನೆಯಲ್ಲಿ ಮರೆತು ಬಂದವರು ಅಂದಿನ ಮಟ್ಟಿಗೆ ಅಯ್ಯನವರ ಹೆಸರಲ್ಲಿ ಕೆಲಸ ಮಾಡತೊಡಗಿದರು. ಅಯ್ಯನವರ ಹೆಸರಿಗೆ ತೆರೆಯದ ಬಾಗಿಲೇ ಇಲ್ಲ, ಅವರು ಎಲ್ಲರಿಗಿಂತ ದೊಡ್ಡವರು ತಾನೆ. ಪಾಸ್‌ವರ್ಡ್ ಹನ್ನೊಂದು ಜನರಿಗೆ ಗೊತ್ತಿತ್ತು. ಗೊತ್ತಿಲ್ಲದವರೂ ಊಹಿಸಬಹುದಿತ್ತು: ಅವರ ಹೆಸರು, ಅದರ ಮುಂದೆ ನೀರುಮನೆ ಉದ್ಘಾಟನೆಯಾದ ತಾರೀಖು. ಎರಡನ್ನೂ ಹೆಬ್ಬಾಗಿಲ ಬಳಿಯ ಕಲ್ಲಿನಲ್ಲಿ ದೊಡ್ಡಕ್ಷರದಲ್ಲಿ ಕೆತ್ತಿಸಿದ್ದೇವೆ. ಪಡಸಾಲೆಯಲ್ಲಿ ಗುಂಡಿ ಮಿನುಗಿದರೆ ಹತ್ತಿರ ಇದ್ದವರು ಒತ್ತುವುದು ರೂಢಿಯಾಯಿತು. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಎಂದು ವಿಚಾರಿಸುವವರಿಲ್ಲ. ಅಯ್ಯನವರ ಗುಂಡಿ ಮಿನುಗುತ್ತಿರುವಾಗ ಸುಮ್ಮನೆ ಕೂರುವುದು ಹಿರಿಯರು ಕರೆದಾಗ ಓಗೊಡದ ಹಾಗೆ. ಇದೆಲ್ಲ ನನಗೆ ಗೊತ್ತಿತ್ತು ಅಜ್ಜಿ. ಗುರುತುಪಾಲಕಿಯಾಗಿ ಹದಿನಾಲ್ಕು ವರ್ಷ ಗೊತ್ತಿತ್ತು. ಪ್ರತಿ ವರ್ಷ ಹೆಸರುಗಳ ಪಟ್ಟಿ ತಪಾಸಣೆ ಮಾಡುವಾಗ ಮೊದಲ ಸಾಲಿಗೆ ಕೈಮುಗಿದು ಎರಡನೆಯ ಸಾಲಿನಿಂದ ಕೆಲಸ ಶುರು ಮಾಡುತ್ತಿದ್ದೆ.

ಇನ್ನು ನನ್ನ ತಮ್ಮನ ವಿಷಯ. ಅವನ ಹೆಸರು ಕೊಟ್ರೇಶ, ನನಗಿಂತ ಆರು ವರ್ಷ ಚಿಕ್ಕವನು. ಸರದಿಯ ಕೋಣೆಯ ಉಸ್ತುವಾರಿ ಅವನದು. ಹುಟ್ಟಿದ ಮಗುವಿನ ಹೆಸರು ಸೇರಿಸಲು, ನಲ್ಲಿಯ ದೂರು ಹೇಳಲು ಬಂದವರು ಅಲ್ಲಿ ಕೂತು ತಮ್ಮ ಸರದಿ ಕಾಯುತ್ತಾರೆ. ಗೋಡೆಯ ಪರದೆಯಲ್ಲಿ ನಂಬರು ಬರುತ್ತದೆ. ಕೊಟ್ರೇಶ ಮರೆಗುಳಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅಂಗಿ ಹಾಕಿಕೊಂಡು ಬರುತ್ತಾನೆ, ಗುರುತುಗಲ್ಲು ಮಾತ್ರ ಗೂಟದಲ್ಲಿ ನೇತಾಡುತ್ತಿರುತ್ತದೆ. ಈ ವರ್ಷ ಹತ್ತನೆಯ ತಿಂಗಳೊಂದರಲ್ಲೇ ಹನ್ನೊಂದು ಸಲ ಅವನು ಅಯ್ಯನವರ ಹೆಸರಿನಲ್ಲಿ ಕೆಲಸ ಮಾಡಿದ್ದ. ಕೇಳಿದವರಿಗೆಲ್ಲ ತಾನೇ ನಗುತ್ತ ಹೇಳಿಕೊಂಡೂ ಇದ್ದ.

ಹನ್ನೊಂದನೆಯ ತಿಂಗಳ ಮೂರನೆಯ ತಾರೀಖು ನಮ್ಮ ಹಳೆಯ ಫಿಟ್ಟರ್ ತಿಪ್ಪಣ್ಣನವರಿಗೆ ಬೀಳ್ಕೊಡುಗೆಯ ಊಟವಿತ್ತು. ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿದ್ದೆವು. ಯಾರೋ ಒಬ್ಬರು ಸರದಿಯ ಪರದೆಯ ಮೂಲಕ ಅಯ್ಯನವರ ಹೆಸರು ಹೇಳಿ ಒಳಗೆ ಬರಲು ನೋಡಿದರು. ಗುಂಡಿ ಮಿನುಗಿತು. ಊಟದ ಗದ್ದಲದಲ್ಲಿ ಯಾರೂ ಒತ್ತಲಿಲ್ಲ. ಮತ್ತೆ ಕೇಳಿದರು, ಮತ್ತೆ ಮಿನುಗಿತು. ಹೀಗೆ ಒಂದು ತಾಸಿನಲ್ಲಿ ಹದಿನೇಳು ಸಲ. ಹದಿನೇಳನೆಯ ಸಲ ಒಂದು ಕೈ ಅದನ್ನು ಒತ್ತಿತು. ಬಂದವರು ಮದ್ದಿನ ಅಳತೆಯನ್ನು ಸೊನ್ನೆಗೆ ಇಳಿಸಿ ಅದರ ಲೆಕ್ಕವನ್ನೂ ಅಳಿಸಿದರು. ಕಾವಲಿನ ಪರದೆಗಳಲ್ಲಿ ಮಾತ್ರ ಎಲ್ಲ ಸರಿಯಿದೆ ಎಂದು ತೋರುವಂತೆ ಮಾಡಿ, ಆ ಪರದೆಗೆ ತಾವು ಎಲ್ಲಿಂದ ಬಂದೆವೆಂಬ ದಾಖಲೆಯನ್ನು ಅಳಿಸಿ ಹೋದರು. ಯಾವ ಹೆಸರು, ಯಾವ ಪರದೆ, ಯಾವ ಹೊತ್ತು ಎಂಬಷ್ಟು ಮಾತ್ರ ಗುಂಡಿಯ ದಾಖಲೆಯಲ್ಲಿ ಉಳಿಯಿತು. ಸರದಿಯ ನಂಬರು ತೋರಿಸುವ ಪರದೆಯಿಂದ ಮದ್ದಿನ ಮನೆಗೆ ಹೇಗೆ ಹೋದರು ಎಂದು ನೀವು ಕೇಳಬಹುದು. ಎರಡೂ ಒಂದೇ ತಂತಿಯ ಮೇಲಿದ್ದವು. ಬೇರೆ ಬೇರೆ ಎಳೆಯಬೇಕಾಗಿತ್ತು, ನಡುವೆ ಗೋಡೆ ಕಟ್ಟಿ ಕಾವಲಿಡಬೇಕಾಗಿತ್ತು. ನಮ್ಮ ಮನೆಯೊಳಗೇ ನಮ್ಮವರಿಗೆ ಯಾತರ ಗೋಡೆ ಎಂದು ನೀರುಮನೆ ನಡೆಸುವ ಮೂವರ ಸಭೆಯವರು ಅಂದರು, ನಾನೂ ಹೌದೆಂದೆ.

ಮದ್ದಿನ ಯಂತ್ರ ಸುಮ್ಮನಿರಲಿಲ್ಲ, ಕೂಗಿತು. ಅಂದು ನನ್ನ ಮೇಜಿಗೆ ನಾಲ್ಕು ನೂರ ಹನ್ನೆರಡು ಎಚ್ಚರಿಕೆಗಳು ಬಂದಿದ್ದವು. ದೀಪ ಹೋಗಿದೆ, ಬಾಗಿಲು ಸರಿಯಾಗಿ ಹಾಕಿಲ್ಲ, ಫ್ಯಾನು ಸದ್ದು ಮಾಡುತ್ತಿದೆ. ಅವುಗಳ ನಡುವೆ ಮದ್ದು ನಿಂತಿದೆ ಎಂಬುದೂ ಒಂದು. ದಿನಾ ಅಷ್ಟು ಬರುತ್ತಿದ್ದುದರಿಂದ ಯಾವುದನ್ನೂ ಓದದೆ ಒಟ್ಟಿಗೆ ಪಕ್ಕಕ್ಕೆ ಸರಿಸುವುದು ನನ್ನ ಅಭ್ಯಾಸ. ಎರಡು ದಿನ ಕಳೆದ ಮೇಲೆ ಹಳ್ಳದಂಡೆ ಎಂಬ ಊರಿನ ಶಾಲೆಯ ಅಕ್ಕೋರು ನೀರು ಪಾಚಿಯ ವಾಸನೆ ಬರುತ್ತಿದೆ ಎಂದು ಹೇಳಿಕಳಿಸಿದರು. ಅಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಮಲಗಿದ್ದರು. ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಏಳು ಕೂಸುಗಳು, ಎಲ್ಲವೂ ಹಳ್ಳದಂಡೆಯವು. ಅವುಗಳ ಹೆಸರನ್ನು ನೀರಿನ ಪಟ್ಟಿಯಿಂದ ತೆಗೆದವಳು ನಾನೇ. ಒಂದು ಕೂಸಿನ ಹೆಸರನ್ನು ಸೇರಿಸಿ ಹನ್ನೆರಡು ದಿನವೂ ಆಗಿರಲಿಲ್ಲ.

ಮದ್ದಿನ ಅಳತೆಯ ಲೆಕ್ಕವನ್ನು ಮತ್ತೆ ಕೂರಿಸಲು ನಾಲ್ಕು ದಿನ ಹಿಡಿಯಿತು. ಅದರ ಪ್ರತಿಯನ್ನೂ ಅದೇ ಯಂತ್ರದೊಳಗೆ ಇಟ್ಟಿದ್ದೆವು, ಅಸಲಿನ ಜೊತೆ ಪ್ರತಿಯೂ ಹೋಗಿತ್ತು. ಬೇರೆ ಊರಿನಲ್ಲಿ, ಯಾವ ತಂತಿಯ ಹಂಗೂ ಇಲ್ಲದೆ ಒಂದು ಪ್ರತಿ ಇಟ್ಟು, ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ವರ್ಷಕ್ಕೆರಡು ಸಲ ಪರೀಕ್ಷೆ ಮಾಡಬೇಕೆಂದು ನಿಯಮವಿದೆ. ಆ ನಿಯಮ ಬರೆದವಳೂ ನಾನೇ. ಆ ನಾಲ್ಕು ದಿನ ತೊಟ್ಟಿಗಳಿಗೆ ಕೈಯಿಂದಲೇ ಮದ್ದು ಕಲಸಿ ಹಾಕಿದವನು ಕೊಟ್ರೇಶ. ಅಂಗೈ ಸುಟ್ಟು ಸಿಪ್ಪೆ ಎದ್ದರೂ ನಿಲ್ಲಿಸಲಿಲ್ಲ. ಆಮೇಲೆ ಅವನ ಗುರುತುಗಲ್ಲು ಆ ಅಂಗೈಯನ್ನು ಒಪ್ಪದೆ ಹೋಯಿತು. ನೋಡಿ, ಕಲ್ಲಿಗೇ ಅವನು ಬೇಡವಾದ ಎಂದು ಜನ ಪಿಸುಗುಟ್ಟಿದರು.

ತನಿಖೆಗೆ ದೂರದ ಪಟ್ಟಣದಿಂದ ಖೈರುನ್ನಿಸಾ ಎಂಬ ಹೆಂಗಸು ಬಂದರು. ಗುರುತು ಮತ್ತು ತಂತಿಗಳ ವಿದ್ಯೆಯಲ್ಲಿ ಅವರ ಮಾತೇ ಕೊನೆಯ ಮಾತು. ಒಳಗೆ ಬಂದವರು ವೀರಭದ್ರಯ್ಯ ಎಂದು ದಾಖಲೆಯಲ್ಲಿದೆ, ಅವರನ್ನು ಕರೆಯಿರಿ ಎಂದರು. ನಾನು ಫೋಟೋ ತೋರಿಸಿದೆ. ಅವರು ಫೋಟೋವನ್ನು, ಗುಂಡಿಯನ್ನು, ನಿಮ್ಮ ಚೀಟಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸತ್ತವ್ರ ಹೆಸರ್ಲೆ ಹನ್ನೊಂದ್ ಮಂದಿ ಅಡ್ಡಾಡ್ಯಾರ. ಈಗ ಅವ್ರಾಗ ಒಬ್ಬಾಂವನ್ನ ಹಿಡ್ದು ಕೊಡು ಅಂದ್ರ ನಾ ಯಾರ್ನ ಹಿಡೀಲಿ, ಹೇಳ್ರಿ" ಎಂದರು. ಬೈಗುಳಕ್ಕಿಂತ ಅದು ಜೋರಾಗಿ ತಾಗಿತು. ಇನ್ನೂ ಎಷ್ಟೋ ಹೇಳಿದರು. ಒಬ್ಬರಿಗೆ ಒಂದೇ ಹೆಸರು, ಒಂದು ಹೆಸರಿಗೆ ಒಬ್ಬರೇ. ಒಳಗಿದ್ದಾರೆ ಎಂಬ ಮಾತ್ರಕ್ಕೆ ಯಾರನ್ನೂ ನಂಬಕೂಡದು, ಪ್ರತಿ ಬಾಗಿಲೂ ಹೊಸದಾಗಿ ಕೇಳಬೇಕು. ಎಷ್ಟು ದೊಡ್ಡವರಾದರೂ ಅವರ ಕೆಲಸಕ್ಕೆ ಬೇಕಾದಷ್ಟೇ ಬಾಗಿಲು. ದಾಖಲೆಯನ್ನು ದಾಖಲಾದವರ ಕೈಗೆ ಸಿಗದ ಕಡೆ ಇಡಬೇಕು. ಹೀಗೆ ಕೇಳುವುದು ಅವಮಾನವಲ್ಲ, ಮುಂದೊಂದು ದಿನ ನೌಕರರ ಮೇಲೆ ಅಪವಾದ ಬಂದರೆ ಅದೇ ಅವರನ್ನು ಕಾಯುತ್ತದೆ ಎಂದರು. ಇದನ್ನು ನಾನು ನಮ್ಮವರಿಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗೆ ಹೇಳಿರಲಿಲ್ಲ. ನಾವು ಕಾವಲನ್ನು ಕಳ್ಳರಿಗಾಗಿ ಇಡುವುದೆಂದುಕೊಂಡಿದ್ದೆವು.

ಸಭೆಯವರಿಗೆ ಅವರ ವರದಿಯಲ್ಲಿ ಕೇಳಿಸಿದ್ದು ಒಂದೇ ಸಾಲು: ಬಂದವರು ಸರದಿಯ ಪರದೆಯ ಮೂಲಕ ಬಂದರು. ಹೊರಗಿನವರು ದೂರದಲ್ಲೇ ಕೂತು ಆ ಪರದೆಯೊಳಗೆ ಹೊಕ್ಕಿರಬಹುದು ಎಂದು ಖೈರುನ್ನಿಸಾ ಮೂರು ಸಲ ಹೇಳಿದರು. ಅದಕ್ಕೆ ಪುರಾವೆ ಕೊಡಿ ಎಂದರು ಸಭೆಯವರು, ಪುರಾವೆ ಅಳಿಸಿಹೋಗಿತ್ತು. ಪರದೆ ಕೊಟ್ರೇಶನ ಕೋಣೆಯದು, ಅಯ್ಯನವರ ಹೆಸರನ್ನು ಬಳಸುವ ಚಾಳಿ ಅವನದು; ಊಟದ ನಡುವೆ ಎದ್ದು ಹೋಗಿ ಹೆಸರು ಹೇಳಿ, ತಿರುಗಿ ಬಂದು ಗುಂಡಿ ಒತ್ತಿದವನೂ ಅವನೇ ಎಂದರು. ಅವನನ್ನು ನೀರು ಬಿಡಿಸಬೇಕು ಎಂದು ತೀರ್ಮಾನವಾಯಿತು. ನೀರು ಬಿಡಿಸುವುದೆಂದರೆ ಹದಿನಾರು ಊರಿನ ಪಟ್ಟಿಯಿಂದ ಹೆಸರು ತೆಗೆಯುವುದು. ಯಾವ ನಲ್ಲಿಯೂ ನೀರು ಕೊಡುವುದಿಲ್ಲ, ಊರಿಂದೂರಿಗೆ ಹೋಗುವ ಹಳಿಬಂಡಿಯ ಬಾಗಿಲೂ ತೆರೆಯುವುದಿಲ್ಲ, ಬೇರೆಯವರು ಕೊಟ್ಟರೆ ಅವರದೂ ಹೋಗುತ್ತದೆ. ಇಲ್ಲಿಂದ ಮುಂದಿನ ನೀರಿಗೆ ಆರು ದಿನದ ನಡಿಗೆ, ಈ ಬಿಸಿಲಿನಲ್ಲಿ ದಿನಕ್ಕೆ ಮೂರು ತಾಸು ಮಾತ್ರ ನಡೆಯಬಹುದು. ಹಿಂದೆ ಹಾಗೆ ಹೋದವರು ಇಬ್ಬರು. ಅವರು ಮುಟ್ಟಿದ ಸುದ್ದಿ ಬರಲಿಲ್ಲ.

ತೀರ್ಮಾನ ಕೇಳಿ ಅವನ ಮನೆಗೆ ಹೋದೆ. ಅಂಗೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. "ನಾ ಒತ್ತಿಲ್ಲಕ್ಕಾ," ಎಂದ. "ಒತ್ತಿಲ್ಲಂತ ತೋರ್ಸಾಕ ನನ್ನ ಕಡೆ ಏನೈತಿ?"

ನಾನು ಎಣ್ಣೆಯ ಬಟ್ಟಲನ್ನು ಅವನ ಹತ್ತಿರ ಸರಿಸಿದೆ. ಅವನು ಒತ್ತಿಲ್ಲವೆಂದು ಲೋಕದಲ್ಲಿ ಖಚಿತವಾಗಿ ಬಲ್ಲವಳು ನಾನೊಬ್ಬಳೇ. ಗುಂಡಿ ಒತ್ತಿದ ಹೊತ್ತನ್ನು ಖೈರುನ್ನಿಸಾ ಕಾಗದದಲ್ಲಿ ತೋರಿಸಿದ್ದರು: ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಅದನ್ನು ನೋಡಿದ ಗಳಿಗೆಯಲ್ಲೇ ಆ ಹೊತ್ತು ನನಗೆ ನೆನಪಾಗಿತ್ತು. ತಿಪ್ಪಣ್ಣನವರು ಊಟ ಮುಗಿಸಿ ಎರಡು ಮಾತಾಡಲು ಎದ್ದು ನಿಂತ ಹೊತ್ತು ಅದು. ಎಲ್ಲರ ಕಣ್ಣೂ ಅವರ ಮೇಲಿತ್ತು. ನಾನು ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಫೋಟೋದ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಗುಂಡಿ ಮಿನುಗುತ್ತಲೇ ಇತ್ತು, ಕಣ್ಣಿಗೆ ಕಿರಿಕಿರಿ. ತುಪ್ಪದ ಕೈಯಲ್ಲೇ ಒತ್ತಿದೆ, ಬೆರಳನ್ನು ಕಣ್ಣಿಗೊತ್ತಿಕೊಂಡೆ, ತಿಪ್ಪಣ್ಣನವರ ಮಾತು ಕೇಳಿದೆ. ಯಾರೂ ನೋಡಲಿಲ್ಲ. ಗುರುತುಪಾಲಕಿ ನಾನು, ಯಾರು ಕೇಳುತ್ತಿದ್ದಾರೆ ಎಂದು ನೋಡದೆ ಹೌದು ಎನ್ನಬೇಡಿ ಎಂದು ಹೊಸಬರಿಗೆ ಪಾಠ ಮಾಡುವವಳು ನಾನು. ಇದನ್ನು ತಿಳಿದ ಮೇಲೂ ಒಂಬತ್ತು ದಿನ ಬಾಯಿ ಬಿಡಲಿಲ್ಲ. ಕೊಟ್ರೇಶನ ಮೇಲೆ ಪುರಾವೆಯಿಲ್ಲ, ಬಿಟ್ಟುಬಿಡುತ್ತಾರೆ ಎಂದುಕೊಂಡೆ. ನನ್ನನ್ನು ಉಳಿಸಿಕೊಂಡೆ ಎಂದು ಹೇಳುವುದೇ ಸರಿ.

ಇಂದು ಬೆಳಿಗ್ಗೆ ಸಭೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಯಾವ ಹೊತ್ತು, ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು, ಒಂದನ್ನೂ ಬಿಡಲಿಲ್ಲ. ಅವರು ತಾಳ್ಮೆಯಿಂದ ಕೇಳಿದರು. ಸಭೆಯ ಹಿರಿಯರಾದ ಪಂಪನಗೌಡರು ಒಳ್ಳೆಯವರು, ನನ್ನ ಮದುವೆಯಲ್ಲಿ ಓಡಾಡಿದವರು. "ತಮ್ಮನ್ನ ಉಳಿಸ್ಕೊಳ್ಳಾಕ ಅಕ್ಕ ಆದಾಕಿ ಹಿಂಗ ಹೇಳೂದು ಸಹಜ. ಕುಂದ್ರವಾ ತಾಯಿ," ಎಂದರು. ನಾನು ಆಣೆಯಿಟ್ಟು ಹೇಳಿದೆ. ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು, ಇರಲಿಲ್ಲ. ಗುಂಡಿ ಒತ್ತಿದವರ ಅಂಗೈಯನ್ನು ಗುಂಡಿ ನೆನಪಿಟ್ಟಿದೆಯೇ ಎಂದು ಕೇಳಿದರು. ಅದು ಯಾರ ಅಂಗೈಯನ್ನೂ ನೆನಪಿಡುವುದಿಲ್ಲ. ನಾನು ಹೇಳಿದ್ದು ನಿಜ ಎಂಬುದಕ್ಕೆ ನನ್ನ ಹತ್ತಿರ ನನ್ನ ಮಾತಿನ ಹೊರತು ಏನೂ ಇಲ್ಲ. ಅವರ ಜಾಗದಲ್ಲಿ ಗುರುತುಪಾಲಕಿಯಾಗಿ ನಾನು ಕೂತಿದ್ದರೂ ಆ ಮಾತನ್ನು ಒಪ್ಪುತ್ತಿರಲಿಲ್ಲ.

ಹಾಗಾದರೆ ಅಯ್ಯನವರ ಹೆಸರನ್ನಾದರೂ ಮುಚ್ಚೋಣ ಎಂದು ಬೇಡಿಕೊಂಡೆ. ಉಳಿದ ಯಾರ ಹೆಸರನ್ನಾದರೂ ಮುಚ್ಚಲು ನನ್ನೊಬ್ಬಳ ಗುರುತುಗಲ್ಲು ಸಾಕು; ಅವರದಕ್ಕೆ ಮಾತ್ರ ಸಭೆಯ ಮೂವರ ಕಲ್ಲೂ ಬೇಕೆಂದು ಹಳೆಯ ಕಟ್ಟಳೆಯಿದೆ. ಮೂವರಲ್ಲಿ ಒಬ್ಬರೂ ಕೈ ಮುಂದೆ ಮಾಡಲಿಲ್ಲ. ತಪ್ಪು ಮಾಡಿದವನು ಕೊಟ್ರೇಶ, ಅದಕ್ಕೆ ಅಯ್ಯನವರೇನು ಮಾಡಿದರು ಎಂದರು. ಬರುವ ತಿಂಗಳು ನೀರುಮನೆ ಶುರುವಾದ ದಿನ, ತೂಬು ತೆರೆಯುವುದು ಹೇಗೆ ಎಂದೂ ಕೇಳಿದರು.

ಅಜ್ಜಿ, ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಸಾಹೇಬರು ಇನ್ನು ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಾರೆ. ಇದನ್ನು ಹೀಗೆ ನೇರವಾಗಿ ಹೇಳಿದ್ದಕ್ಕೆ ಕ್ಷಮಿಸಿ. ನಿಮಗೆ ಬಹಳ ದುಃಖವಾಗುತ್ತದೆ, ಕಚೇರಿಯಲ್ಲಿ ಕೂತು ಅಳುತ್ತೀರಿ. ಅತ್ತಾದ ಮೇಲೆ ಎದ್ದು ಹೋಗಿ ಅವರ ಖಾತೆಯನ್ನು ಮುಚ್ಚಿ. ಫೋಟೋ ಹಾಕಿಸಿ, ಮಾಲೆ ಹಾಕಿ, ರಸ್ತೆಗೆ ಅವರ ಹೆಸರಿಡಿ, ಫೋನನ್ನು ಮಾತ್ರ ಅವರ ಮನೆಯವರಿಗೆ ಕೊಟ್ಟುಬಿಡಿ. ಇನ್ನೊಂದು, ನಮ್ಮಲ್ಲಿರುವ ಆ ಫೋಟೋದಲ್ಲಿ ಸಾಹೇಬರ ಹಿಂದಿನ ಗೋಡೆಯ ಮೇಲೆ ವೈಫೈ ಪಾಸ್‌ವರ್ಡ್ ಬರೆದದ್ದು ಕಾಣುತ್ತದೆ. ಬಂದು ಹೋಗುವವರೆಲ್ಲ ಬಳಸುವ ಆ ವೈಫೈ ಇರುವ ತಂತಿಯಲ್ಲೇ ನಿಮ್ಮ ಪಂಪ್‌ಹೌಸೂ ಇದೆ ಎಂದು ಕಡತ ಹೇಳುತ್ತದೆ. ಅದನ್ನೂ ಬೇರೆ ಮಾಡಿಸಿ. ಮೇಲಿನವರು ನಕ್ಕಾರು, ನಮ್ಮ ಮೇಲೆ ನಂಬಿಕೆಯಿಲ್ಲವೇ ಎಂದಾರು. ನಂಬಿಕೆ ಇರುವುದರಿಂದಲೇ ಎಂದು ಹೇಳಿ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುತ್ತಿಲ್ಲ.

ನೀವು ಹಾಗೆ ಮಾಡಿದರೆ ನಮ್ಮ ಪಾಲಿಗೆ ಏನಾಗುತ್ತದೋ, ಈ ಪತ್ರವೇ ಇರುತ್ತದೋ ಇಲ್ಲವೋ ನನಗೆ ತಿಳಿಯದು. ಅದಕ್ಕೆ ಕಾದು ಕೂರುವ ಹಾಗಿಲ್ಲ. ನಾಳೆ ಬೆಳಕು ಹರಿಯುತ್ತಲೇ ಕೊಟ್ರೇಶ ಹೊರಡಬೇಕು. ಅವನ ಅಂಗೈ ಇನ್ನೂ ಮಾಗಿಲ್ಲ, ನೀರಿನ ಬಿಂದಿಗೆ ಹಿಡಿಯಲಾರ. ಎರಡು ಬಿಂದಿಗೆ ನಾನು ಹೊತ್ತುಕೊಳ್ಳುತ್ತೇನೆ. ಈಗಷ್ಟೇ ಗುರುತಿನ ಕೋಣೆಗೆ ಹೋಗಿ ಪಟ್ಟಿ ತೆರೆದು ನನ್ನ ಹೆಸರನ್ನು ನಾನೇ ಮುಚ್ಚಿ ಬಂದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಇನ್ನು ಹದಿನಾರು ಊರಿನ ಯಾವ ನಲ್ಲಿಯೂ, ಯಾವ ಬಾಗಿಲೂ ನನ್ನನ್ನಾಗಲಿ ನನ್ನ ತಮ್ಮನನ್ನಾಗಲಿ ಗುರುತಿಸುವುದಿಲ್ಲ. ಅಯ್ಯನವರನ್ನು ಗುರುತಿಸುತ್ತವೆ.

ನಿಮ್ಮ ಮನೆಯ ಮಗಳು,
ಹುಲಿಗೆಮ್ಮ